ಬೇಲಿಯಾಚೆಯ ಹನ್ನೊಂದು ಕಲ್ಲು

ನನ್ನ ಸಿನಿಮಾದಲ್ಲಿ ನಲವತ್ತೊಂದು ಸೆಕೆಂಡಿನ ಒಂದು ತುಣುಕಿದೆ. ಅದನ್ನು ಕತ್ತರಿಸಿ ಬಿಸಾಡು ಎಂದು ಹೇಳದವರು ಈ ಕಣಿವೆಯಲ್ಲಿ ಕಡಿಮೆ. ಅಪ್ಪ ಹೇಳಿದ. ಹೋಬರ್ಟ್ ಚಿಕ್ಕಪ್ಪ ಪ್ರಾರ್ಥನೆ ಮುಗಿಸಿದ ಬಾಯಲ್ಲೇ ಹೇಳಿದ. ಊರಿನ ಕೂಟಗಳೆಲ್ಲ ನಡೆಯುವ ಅಗ್ನಿಶಾಮಕ ಠಾಣೆಯಲ್ಲಿ ಊಟ ಬಡಿಸುವ ಹೆಂಗಸರು ಕೈಯಲ್ಲಿ ಸೌಟು ಹಿಡಿದುಕೊಂಡೇ ಹೇಳಿದರು. ನಾನು ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ಮುನ್ನೂರು ಮಕ್ಕಳಿಗೆ ಬೇಯಿಸಿ ಹಾಕುವವಳು, ಮನೆಗೆ ಬಂದು ಇನ್ನಿಬ್ಬರಿಗೆ. ಗಂಡ ಟ್ರಕ್ ಓಡಿಸುತ್ತಾನೆ, ತಿಂಗಳಿಗೆ ಎರಡು ಸಲ ಮುಖ ತೋರಿಸುತ್ತಾನೆ. ಸಿನಿಮಾ ಕೆಲಸಕ್ಕೆ ನನಗೆ ಸಿಗುವ ಹೊತ್ತೆಂದರೆ ಮಗಳು ಶಾಲೆಯ ಬ್ಯಾಂಡಿನಲ್ಲಿ ಊದುವುದನ್ನು ಕಲಿಯುವ ಒಂದೂವರೆ ಗಂಟೆ. ವ್ಯಾನನ್ನು ಶಾಲೆಯ ಅಂಗಳದಲ್ಲಿ ನಿಲ್ಲಿಸಿ, ಸ್ಟೀರಿಂಗಿಗೆ ಲ್ಯಾಪ್‌ಟಾಪ್ ಒರಗಿಸಿಕೊಂಡು ಕತ್ತರಿಸುತ್ತೇನೆ, ಜೋಡಿಸುತ್ತೇನೆ. ಹೀಗೆ ನಾಲ್ಕು ವರ್ಷ. ಆ ನಾಲ್ಕು ವರ್ಷದಲ್ಲಿ ಒಬ್ಬರಾದರೂ ಕಿಟಕಿ ತಟ್ಟಿ, ಏನು ಮಾಡ್ತಿದೀಯಾ ಎಂದು ಕೇಳಿರಲಿಲ್ಲ. ಈಗ ನೋಡಿದರೆ ಎಲ್ಲರಿಗೂ ಸಿನಿಮಾ ಕತ್ತರಿಸುವ ವಿದ್ಯೆ ಬಂದುಬಿಟ್ಟಿದೆ.

ಸಿನಿಮಾ ನಮ್ಮ ಹೂವಿನ ಭಾನುವಾರದ್ದು. ಮೇ ತಿಂಗಳ ಕೊನೆಯ ಭಾನುವಾರ ಬರ್ಚೆಟ್ ಮನೆತನದವರೆಲ್ಲ ಬೆಟ್ಟದ ನೆತ್ತಿಯಲ್ಲಿರುವ ನಮ್ಮ ಸ್ಮಶಾನಕ್ಕೆ ಹತ್ತುತ್ತೇವೆ. ಹುಲ್ಲು ಸವರಿ, ಕಲ್ಲು ತೊಳೆದು, ಹೂವಿಟ್ಟು, ಹೋಬರ್ಟ್ ಚಿಕ್ಕಪ್ಪ ಒಂದೊಂದೇ ಸಾಲಾಗಿ ಹೇಳಿಕೊಡುವ ಹಾಡನ್ನು ಎಳೆದೆಳೆದು ಹಾಡಿ, ಆಮೇಲೆ ಹಲಗೆ ಹಾಸಿ ಅಲ್ಲೇ ಊಟ. ಕಾರ್ಖಾನೆ ಕೆಲಸಕ್ಕೆಂದು ಓಹಾಯೊಗೂ ಮಿಶಿಗನ್ನಿಗೂ ಹೋದವರಲ್ಲಿ ಮೊಣಕಾಲು ಕೈಕೊಟ್ಟವರು ಈ ಬೆಟ್ಟ ಹತ್ತಲಾರರು. ನಾನು ಕ್ಯಾಮೆರಾ ಹಿಡಿದದ್ದೇ ಅವರಿಗಾಗಿ. ಒಂಬತ್ತು ವರ್ಷ, ಪ್ರತಿ ಜೂನ್‌ನಲ್ಲಿ ಮೂವತ್ತು ಡಿಸ್ಕು ಅಂಚೆಗೆ ಹಾಕಿದ್ದೇನೆ. ಒಂದೊಂದು ಕಲ್ಲಿನ ಮುಂದೆ ನಿಲ್ಲುವುದು, ಹೆಸರನ್ನು ಗಟ್ಟಿಯಾಗಿ ಓದುವುದು, ಹತ್ತು ಎಣಿಸುವವರೆಗೆ ಕ್ಯಾಮೆರಾ ಅಲ್ಲಾಡಿಸದೆ ಹಿಡಿಯುವುದು. ಹತ್ತಕ್ಕಿಂತ ಕಡಿಮೆಯಾದರೆ ಅಳು ಬರುವಷ್ಟರಲ್ಲಿ ಚಿತ್ರ ಹೋಗಿಬಿಡುತ್ತದೆ ಎಂದು ಓಹಾಯೊದ ಡೇಟನ್ನಿನಲ್ಲಿರುವ ಅತ್ತೆ ಕಾಗದ ಬರೆದಿದ್ದಳು. ಬೇಲಿಯವರೆಗೆ ಬಂದಾಗ ಕ್ಯಾಮೆರಾ ಆರಿಸುತ್ತಿದ್ದೆ. ಬೇಲಿಯಾಚೆ ಓದಲು ಹೆಸರುಗಳಿರಲಿಲ್ಲ.

ಕಲ್ಲುಗಳಿದ್ದವು. ಬೇಲಿಯಿಂದ ಇನ್ನೂರು ಹೆಜ್ಜೆ ಕೆಳಗೆ, ಬೀಚ್ ಎಂಬ ಜಾತಿಯ ಮರಗಳ ನಡುವೆ, ಹೊಳೆಯಿಂದ ಹೊತ್ತು ತಂದು ನೆಟ್ಟ ಹನ್ನೊಂದು ಚಪ್ಪಟೆ ಕಲ್ಲು. ಹೆಚ್ಚುಕಡಿಮೆ ನೂರು ವರ್ಷದ ಹಿಂದೆ ನಾಲ್ಕನೇ ನಂಬರಿನ ಕಲ್ಲಿದ್ದಲು ಗಣಿ ಸಿಡಿದ ದಿನ ಸತ್ತ ಹನ್ನೊಂದು ಕಪ್ಪು ಜನ ಅಲ್ಲಿ ಮಲಗಿದ್ದಾರೆ. ಅದೇ ದಿನ, ಅದೇ ಗಣಿಯಲ್ಲಿ ಸತ್ತ ಬಿಳಿಯರಿಗೆ ನನ್ನ ಮುತ್ತಜ್ಜ ಬೇಲಿಯೊಳಗೆ ಜಾಗ ಬಿಟ್ಟುಕೊಟ್ಟ. ಇವರಿಗೆ ಕೊಡಲಿಲ್ಲ. ಇವರ ಹೆಂಡಂದಿರೇ ಗುಂಡಿ ತೋಡಿದರಂತೆ.

ಆ ಹನ್ನೊಂದರಲ್ಲಿ ಒಬ್ಬ ಆರ್ಡೆಲಿಯಮ್ಮನ ಅಜ್ಜ. ಆರ್ಡೆಲಿಯಾ ಕ್ಯಾಟ್ಲೆಟ್‌ಗೆ ಈಗ ಎಪ್ಪತ್ತೊಂದು ವರ್ಷ. ಮೊನ್ನೆ ಮೊನ್ನೆಯವರೆಗೆ ನಮ್ಮ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತಿದ್ದವರು. ಆ ಹನ್ನೊಂದು ಮನೆಗಳಲ್ಲಿ ಇಲ್ಲಿ ಉಳಿದವರು ಅವರೊಬ್ಬರೇ. ಪ್ರತಿ ವರ್ಷ ಹೂವಿನ ಭಾನುವಾರ, ನಮ್ಮ ಊಟ ಮುಗಿಯುವ ಹೊತ್ತಿಗೆ, ಹನ್ನೊಂದು ಗೊಂಚಲು ಪ್ಲಾಸ್ಟಿಕ್ ಹೂವನ್ನು ಗೋಣಿಯಲ್ಲಿ ಹೊತ್ತು ಒಬ್ಬರೇ ಹತ್ತಿ ಬರುತ್ತಿದ್ದರು. ನಾವು ಒಂದು ತಟ್ಟೆ ತುಂಬ ಕೋಳಿ, ಬೀನ್ಸ್, ಮೆಕ್ಕೆಜೋಳದ ಬ್ರೆಡ್ಡು ಹಾಕಿ, ಮೇಲೆ ಹಾಳೆ ಮುಚ್ಚಿ, ಬೇಲಿಯ ಮೇಲಿಂದ ದಾಟಿಸುತ್ತಿದ್ದೆವು. ಬೇಲಿಯ ಬಾಗಿಲು ಹತ್ತು ಮಾರು ದೂರದಲ್ಲಿತ್ತು. ಅದನ್ನು ತೆರೆಯುವುದು ಯಾರಿಗೂ ತೋಚಲಿಲ್ಲ. ತಟ್ಟೆ ಕೊಟ್ಟದ್ದಕ್ಕೇ ನಮಗೆ ನಾವು ಒಳ್ಳೆಯವರಾಗಿ ಕಂಡಿದ್ದೆವು.

ಈ ಮಾರ್ಚ್‌ನಲ್ಲಿ ಕಲ್ಲಿದ್ದಲು ಕಂಪನಿಯ ಯಂತ್ರಗಳು ಬೀಚ್ ಮರಗಳ ಇಳಿಜಾರಿಗೆ ನುಗ್ಗಿದವು. ಆರ್ಡೆಲಿಯಮ್ಮನಿಗೆ ಸುದ್ದಿ ಮುಟ್ಟಿ, ಅವರು ಹೋಗಿ ಯಂತ್ರದ ಮುಂದೆ ನಿಲ್ಲುವಷ್ಟರಲ್ಲಿ ಏಳು ಕಲ್ಲು ಹೋಗಿದ್ದವು. ಕಲ್ಲು ಮಾತ್ರವಲ್ಲ, ಅದರ ಕೆಳಗಿನ ನೆಲ, ನೆಲದ ಕೆಳಗಿನವರು, ಎಲ್ಲ ಹೋಗಿ ಕೊಳ್ಳದ ಮಣ್ಣಿನ ಗುಡ್ಡೆ ಸೇರಿದ್ದವು. ನಾಲ್ಕು ಉಳಿದಿದ್ದವು. ಕಾನೂನಿನ ಪ್ರಕಾರ ಸಮಾಧಿ ಇದ್ದಲ್ಲಿ ಸುತ್ತ ನೂರು ಅಡಿ ಅಗೆಯುವಂತಿಲ್ಲ. ಆದರೆ ಕಂಪನಿಯ ಹತ್ತಿರ ಒಂದು ಕಾಗದವಿತ್ತು: ಆ ಇಳಿಜಾರಿನಲ್ಲಿ ಸಮಾಧಿ ಇಲ್ಲವೆಂದು ಆ ಜಮೀನಿನ ಮನೆತನದ ಹಿರಿಯರೇ ಹೇಳಿದ್ದಾರೆ ಎಂದು. ಕೆಳಗೆ ಸಹಿ, ಆರ್ವಿಲ್ ಬರ್ಚೆಟ್. ನನ್ನಪ್ಪ.

ಆರ್ಡೆಲಿಯಮ್ಮ ದೂರು ಕೊಟ್ಟರು, ವಿಚಾರಣೆ ಒಂದು ಮಂಗಳವಾರಕ್ಕೆ ನಿಗದಿಯಾಯಿತು. ಉಳಿದ ನಾಲ್ಕರ ಗತಿ ಅವತ್ತು ತೀರ್ಮಾನವಾಗಬೇಕು. ಆರ್ಡೆಲಿಯಮ್ಮ ಶಾಲೆಯ ಅಡುಗೆಮನೆಯ ಹಿಂಬಾಗಿಲಿಗೆ ಬಂದರು. ನಾನು ದೊಡ್ಡ ಪಾತ್ರೆ ಉಜ್ಜುತ್ತಿದ್ದೆ.

"ನಿನ್ನ ಡಿಸ್ಕಿಗೆಲ್ಲ ಒಂಬತ್ತು ವರ್ಷ ಮುದ್ರೆ ಒತ್ತಿದ್ದು ನಾನೇ. ಅದ್ರಲ್ಲಿ ಎಲ್ಲಾದ್ರೂ ನಮ್ಮೋರು ಇದಾರಾ?"

"ನಿಮ್ಮತ್ರ ಒಂದು ಫೋಟೋನೂ ಇಲ್ವಾ, ಆರ್ಡೆಲಿಯಮ್ಮ?"

"ನನ್ನಜ್ಜನ್ನ ನೋಡೋಕೆ ನಾನೇ ಹೋಗ್ತಿದ್ನಲ್ಲ. ಫೋಟೋ ಯಾಕೆ ಬೇಕು? ಅವ್ರನ್ನ ಯಾರಾದ್ರೂ ಕದ್ದುಬಿಡ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ?"

ಹುಡುಕುತ್ತೇನೆ ಎಂದೆ. ಹನ್ನೆರಡು ದಿನ ವ್ಯಾನಿನಲ್ಲಿ ಕೂತು ಒಂಬತ್ತು ವರ್ಷವನ್ನು ಮತ್ತೆ ನೋಡಿದೆ. ಪ್ರತಿ ವರ್ಷವೂ ಬೇಲಿಯ ಹತ್ತಿರ ಬಂದು ಚಿತ್ರ ಪಟ್ಟನೆ ಆರುತ್ತಿತ್ತು. ಅದನ್ನು ಆರಿಸಿದ ಬೆರಳು ನನ್ನದೇ ಎಂಬುದಕ್ಕೆ ನನಗೆ ನನ್ನ ಮೇಲೆಯೇ ಸಿಟ್ಟು ಹತ್ತಿತು. ಕೊನೆಗೆ, ಹೋದ ವರ್ಷದ ರಾಶಿಯ ಅಡಿಯಲ್ಲಿ, ಅದು ಸಿಕ್ಕಿತು.

ಅವತ್ತು ಕಂಪನಿಯ ಸರ್ವೆಯವನು ನಮ್ಮೆಲ್ಲರನ್ನೂ ಒಟ್ಟಿಗೆ ಹಿಡಿಯಬಹುದೆಂದು ಹೂವಿನ ಭಾನುವಾರವೇ ಬಂದಿದ್ದ. ಅಪ್ಪ ಅವನನ್ನು ಇಳಿಜಾರಿಗೆ ಕರೆದುಕೊಂಡು ಹೋದ, ತನ್ನ ಆಕ್ಸಿಜನ್ ಸಿಲಿಂಡರ್ ಬಿಟ್ಟು. ಮೂವತ್ತೆಂಟು ವರ್ಷ ಗಣಿಯ ದೂಳು ತಿಂದ ಎದೆ ಅವನದು. ಒಂದು ಕೈಯಲ್ಲಿ ಸಿಲಿಂಡರ್, ಇನ್ನೊಂದರಲ್ಲಿ ಆರಿಸಲು ಮರೆತ ಕ್ಯಾಮೆರಾ, ನಾನು ಹಿಂದೆ ಓಡಿದ್ದೆ. ಚಿತ್ರ ಅಲ್ಲಾಡುತ್ತದೆ, ಎಲೆ, ಅಪ್ಪನ ಬೂಟು, ಆಮೇಲೆ ನಿಲ್ಲುತ್ತದೆ. ಹನ್ನೊಂದೂ ಕಲ್ಲು ಕಾಣುತ್ತವೆ. ಪ್ರತಿ ಕಲ್ಲಿನ ಬುಡದಲ್ಲೂ ಹಿಂದಿನ ವರ್ಷದ ಹೂವು, ಬಿಸಿಲಿಗೆ ಬಿಳಿಚಿಕೊಂಡಿದೆ.

"ಅದೇನದು?" ಎನ್ನುತ್ತಾನೆ ಸರ್ವೆಯವನು.

"ಅದಾ? ಬರೀ ಕಲ್ಲು. ಅಲ್ಲಿ ನಮ್ಮೋರು ಯಾರೂ ಇಲ್ಲ. ನಿನ್ನ ಮಷೀನು ಬೇಕಾದ್ರೆ ಇಲ್ಲಿಂದ್ಲೇ ಶುರು ಹಚ್ಕೋ. ನನ್ನ ಬೇಲಿ ತಂಟೆಗೆ ಮಾತ್ರ ಬರ್ಬೇಡ."

ಸರ್ವೆಯವನು ಹೂವುಗಳನ್ನು ನೋಡುತ್ತಾನೆ. ಏನೋ ಬರೆದುಕೊಳ್ಳುತ್ತಾನೆ. ಆಗ ಕ್ಯಾಮೆರಾದ ಹಿಂದಿನಿಂದ ಒಬ್ಬ ಹೆಂಗಸು ನಗುತ್ತಾ ಹೇಳುತ್ತಾಳೆ: "ಮಾತು ಸಾಕು, ಇಬ್ರೂ ಊಟಕ್ಕೆ ಬನ್ನಿ. ನಿಮಗೂ ಒಂದು ತಟ್ಟೆ ಇದೆ ಸಾರ್, ಕೋಳಿ ಖಾಲಿಯಾಗೋ ಮುಂಚೆ."

ಮೇಲೆ ಬಂದು ಅವನಿಗಾಗಿ ಬೇಲಿಯ ಬಾಗಿಲು ತೆರೆದದ್ದೂ ಆ ಕಾರ್ಡಿನಲ್ಲಿದೆ.

ಆರ್ಡೆಲಿಯಮ್ಮನಿಗೆ ಹೋಗಿ ಹೇಳಿದೆ: ಸಿಕ್ಕಿದೆ, ಆದರೆ ನೋಡುವುದು ಕಷ್ಟ, ಫೋನಿನಲ್ಲಿ ಈಗಲೇ ತೋರಿಸುತ್ತೇನೆ.

"ಬೇಡ. ನಿನ್ನ ಸಿನಿಮಾ ಶನಿವಾರ ಅಗ್ನಿಶಾಮಕ ಠಾಣೆಯಲ್ಲಿ ತೋರಿಸ್ತೀಯಂತಲ್ಲ, ಅದ್ರಲ್ಲಿ ಹಾಕು. ಎಲ್ರೂ ನೋಡೋ ಜಾಗದಲ್ಲೇ ನಾನೂ ನೋಡ್ತೀನಿ. ಕದ್ದು ನೋಡೋಕೆ ನಾವೇನು ತಪ್ಪು ಮಾಡಿಲ್ಲ."

ಅಪ್ಪನಿಗೆ ಮೊದಲೇ ತಿಳಿಸಬೇಕಲ್ಲ. ಅವನು ಮನೆಯ ಮುಂದಿನ ಜಗುಲಿಯಲ್ಲಿ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಕೂತಿದ್ದ. ಆ ಕಾಗದಕ್ಕೆ ಯಾಕೆ ಸಹಿ ಹಾಕಿದೆ ಎಂದು ಕೇಳಿದೆ.

"ನಿಮ್ಮಮ್ಮ ಬೇಲಿ ಒಳಗೆ ಮಲಗಿದಾಳೆ ಕಣೇ ಟ್ರೆಸ್ಸಾ. ಆ ಸರ್ವೆಯವ್ನು ಕೇಳ್ದ, ಇದನ್ನ ಉಳಿಸ್ಲೋ ಅದನ್ನ ಉಳಿಸ್ಲೋ ಅಂತ. ಎರಡ್ರಲ್ಲಿ ಒಂದು ಅಂದ. ನಾನು ಇದು ಅಂದೆ. ನೀನಾಗಿದ್ರೆ ಏನ್ ಅಂತಿದ್ದೆ? ಹೇಳು."

ಅಮ್ಮ ತೀರಿಕೊಂಡು ಆರು ವರ್ಷ. ಅವಳ ಕಲ್ಲಿನ ಮುಂದೆ ನಾನು ಹತ್ತಲ್ಲ, ಇಪ್ಪತ್ತು ಎಣಿಸುತ್ತೇನೆ. ಒಂದು ಗಳಿಗೆ ನನಗೆ ಅಪ್ಪನೇ ಸರಿ ಎನ್ನಿಸಿತು. ಆಮೇಲೆ ಲ್ಯಾಪ್‌ಟಾಪ್ ತೆರೆದು ಅವನ ಮಡಿಲಲ್ಲಿಟ್ಟೆ.

ನೋಡಿದ. ಮುಗಿಯಿತು.

"ಅವ್ನು ಹಂಗೆ ಕೇಳ್ಲೇ ಇಲ್ಲ, ಅಪ್ಪಾ. ಅದೇನು ಅಂತ ಅಷ್ಟೇ ಕೇಳಿದ್ದು. ಮಿಕ್ಕಿದ್ದೆಲ್ಲ ನೀನಾಗಿ ನೀನೇ ಕೊಟ್ಟಿದ್ದು. ಕೇಳ್ದೇ ಇದ್ರೂ ಎರಡನೇ ಸಲ ಬಡಿಸ್ತಾರಲ್ಲ, ಹಂಗೆ."

"ಎಲ್ಲಾ ಇದ್ರಲ್ಲಿ ಬಂದಿರಲ್ಲ. ಮುಂಚೆ ಕೇಳಿದ್ದ."

"ಮುಂಚೆ ನೀನು ಕೆಮ್ಮಿದ್ದೂ ಇದ್ರಲ್ಲಿದೆ. ಎಲ್ಲಾ ಇದೆ."

ಅವನು ಲ್ಯಾಪ್‌ಟಾಪನ್ನು ತಟ್ಟೆ ಸರಿಸುವಂತೆ ಸರಿಸಿದ. "ಕತ್ತರ್ಸು ಅದನ್ನ."

"ಇಲ್ಲ."

"ನಾನ್ ಸತ್ಮೇಲೆ ತೋರಿಸ್ಕೋ. ಹೆಂಗೂ ಬಹಳ ದಿನ ಇಲ್ಲ."

"ನೀನು ಸಾಯೋವರ್ಗೂ ಆ ಮಷೀನು ಕಾಯುತ್ತಾ? ಕೇಳಿ ಬರ್ಲಾ?"

"ಹೆತ್ತಿದ್ದಕ್ಕೆ ಚೆನ್ನಾಗಿ ತೀರಿಸ್ತಿದೀಯ" ಎಂದ. ನಳಿಕೆ ಕಿತ್ತು, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಆಕ್ಸಿಜನ್ ಯಂತ್ರ ಮಾತ್ರ ಜಗುಲಿಯಲ್ಲಿ ಬುಸುಗುಟ್ಟುತ್ತಾ ಕೂತಿತ್ತು. ಅದನ್ನು ಎತ್ತಿ ಒಳಗಿಡಲೂ ನಾನೇ ಬೇಕಾಯಿತು.

ಶನಿವಾರ ಠಾಣೆಯಲ್ಲಿ ಬೆಂಕಿ ಆರಿಸುವ ಬಂಡಿಗಳನ್ನು ಹೊರಗೆ ನಿಲ್ಲಿಸಿ, ಒಳಗೆ ಕುರ್ಚಿ ಹಾಕಿದ್ದರು. ಗೋಡೆಗೆ ಬಿಳಿ ಹೊದಿಕೆ ಕಟ್ಟಿದ್ದೆ. ಒಂದು ಕಡೆ ಬೀನ್ಸ್ ಸಾರು, ಬ್ರೆಡ್ಡು, ಸೇಬಿನ ಪದರದ ಕೇಕು. ಎಪ್ಪತ್ತು ಜನ ಸೇರಿದ್ದರು. ಅಪ್ಪ ಬರಲಿಲ್ಲ. ಆರ್ಡೆಲಿಯಮ್ಮ ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡು ಮೂರನೇ ಸಾಲಿನಲ್ಲಿ ಕೂತರು. ಅವರ ಎರಡೂ ಪಕ್ಕದ ಕುರ್ಚಿ ಖಾಲಿ ಉಳಿದವು.

ಮೊದಲ ಮುಕ್ಕಾಲು ಗಂಟೆ ಹಬ್ಬ. ತಮ್ಮನ್ನು ತಾವು ಗೋಡೆಯ ಮೇಲೆ ಕಂಡು ಜನ ಕೇಕೆ ಹಾಕಿದರು.

"ನೋಡೋ ಡೆನ್ವರ್, ನಿನ್ನ ಹೊಟ್ಟೆ ಬಂದು ಎಷ್ಟೋ ಹೊತ್ತಾದ್ಮೇಲೆ ನೀನ್ ಬಂದೆ!"

"ನಿನ್ನ ಹೆಂಡ್ತಿ ಕೇಕಿಂದೇ ಅದು, ನನ್ನನ್ಯಾಕೆ ಬಯ್ತೀಯಾ?"

ಆಮೇಲೆ ಆ ತುಣುಕು ಬಂತು. ಅಪ್ಪನ ದನಿ ಠಾಣೆಯ ತಗಡಿನ ಮಾಡಿಗೆ ಬಡಿದು ಎರಡು ಪಟ್ಟಾಗಿ ಕೇಳಿಸಿತು: ಬರೀ ಕಲ್ಲು. ಗೋಡೆ ಕಪ್ಪಾಯಿತು. ಹೋಬರ್ಟ್ ಚಿಕ್ಕಪ್ಪ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದ.

"ಇದು ಕೊಳಕು ಬಟ್ಟೆ. ಮನೇಲಿ ಒಗೀಬೇಕು. ಊರ ಮುಂದೆ ಹರ್ವೋದಲ್ಲ."

"ಮನೇಲಿ ಯಾವಾಗ ಒಗೆದಿದ್ರಿ, ಚಿಕ್ಕಪ್ಪ? ನೂರು ವರ್ಷ ಆಯ್ತು. ಪ್ಲಗ್ ಹಾಕು."

"ಉಸಿರಾಡೋಕೂ ಆಗ್ದಿರೋ ಮನುಷ್ಯನ ಮಾನ ಕಳೀತಿದೀಯ, ಅದೂ ಹೆತ್ತಪ್ಪನ್ದು! ಎಲ್ರೂ ಹೇಳಿದಾರೆ ಕತ್ತರ್ಸು ಅಂತ. ಆ ಮೂವತ್ತು, ನಲವತ್ತು ಸೆಕೆಂಡು ಹೋದ್ರೆ ನಿನ್ನ ಸಿನಿಮಾಗೆ ಏನು ಕಮ್ಮಿಯಾಗುತ್ತೆ?"

ಸೌಟು ಹಿಡಿದ ಹೆಂಗಸರು ಹೌದು ಹೌದೆಂದರು. ನಾನು ಬಾಯಿ ತೆರೆಯುವ ಮೊದಲೇ ಆರ್ಡೆಲಿಯಮ್ಮ ಎದ್ದು ನಿಂತರು. ದನಿ ಏರಿಸಲಿಲ್ಲ.

"ಹೋಬರ್ಟ್, ನಾನಿನ್ನೂ ನೋಡಿ ಮುಗ್ಸಿಲ್ಲ."

"ಆರ್ಡೆಲಿಯಾ, ನಿನ್ನ ಸಂಕಟ ನಮಗೂ ಅರ್ಥ ಆಗುತ್ತೆ, ಆದ್ರೆ..."

"ನಿನಗೆ ಯಾವ್ಯಾವ ಊರಿಂದ ಏನೇನು ಕಾಗದ ಬರ್ತಿತ್ತು ಅಂತ ಮೂವತ್ತು ವರ್ಷ ನಾನು ಬಾಯಿ ಮುಚ್ಕೊಂಡಿದೀನಿ. ಇವತ್ತೂ ಮುಚ್ಕೊಂಡೇ ಇರ್ತೀನಿ. ಪ್ಲಗ್ ಹಾಕು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಚಿಕ್ಕಪ್ಪ ಪ್ಲಗ್ ಹಾಕಿದ.

ಆರ್ಡೆಲಿಯಮ್ಮ ಆ ತುಣುಕನ್ನು ಮೂರು ಸಲ ಹಾಕಿಸಿಕೊಂಡರು. ಮೂರನೇ ಸಲ ಗೋಡೆಯ ಹತ್ತಿರ ಹೋಗಿ, ಎಡಗಡೆಯಿಂದ ನಾಲ್ಕನೇ ಕಲ್ಲಿನ ಮೇಲೆ ಬೆರಳಿಟ್ಟರು. ಅದು ಅವರಜ್ಜನದು, ಹೋದ ಏಳರಲ್ಲಿ ಒಂದು. "ಊಟಕ್ಕೆ ಬನ್ನಿ" ಎಂಬ ನನ್ನ ನಗು ಅವರ ಬೆನ್ನ ಮೇಲೆ ಬಿತ್ತು. ಅವರು ಬೆರಳು ತೆಗೆದು, ಕೈಚೀಲ ತೆಗೆದುಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಹೊರಟುಹೋದರು. ಉಳಿದವರು ಕೇಕಿನ ತಟ್ಟೆ ಎತ್ತಿಕೊಂಡು ಒಬ್ಬೊಬ್ಬರೇ ಜಾರಿದರು. ಕುರ್ಚಿಗಳನ್ನು ನಾನೊಬ್ಬಳೇ ಮಡಚಿಟ್ಟೆ.

ಸೋಮವಾರ ದೊಡ್ಡ ಊರಿನ ಸಿನಿಮಾ ಉತ್ಸವದಿಂದ ಪತ್ರ ಬಂತು. ಆ ತುಣುಕು ಸೇರಿಸಿದ ಕೂಡಲೇ ಒಂದು ಪ್ರತಿ ಕಳಿಸಿದ್ದೆ. ಆಯ್ಕೆಯಾಗಿದೆ, ಬೇಲಿಯಾಚೆಯ ದೃಶ್ಯದಲ್ಲಿ ನಿಮ್ಮ ಧೈರ್ಯ ಕಂಡು ನಾವು ಬೆರಗಾದೆವು ಎಂದಿತ್ತು. ಪಾತ್ರೆಗಳ ನಡುವೆ ನಿಂತು ನಾಲ್ಕು ಸಲ ಓದಿಕೊಂಡೆ. ಸುಳ್ಳು ಯಾಕೆ, ನನ್ನ ಎದೆ ಉಬ್ಬಿತು.

ಮಂಗಳವಾರದ ಕೋಣೆ ಚಿಕ್ಕದು. ವಿಚಾರಣೆಯ ಅಧಿಕಾರಿ ಕನ್ನಡಕ ಹಾಕಿದ ಒಬ್ಬ ಹೆಂಗಸು. ಕಂಪನಿಯ ವಕೀಲ, ಆರ್ಡೆಲಿಯಮ್ಮ, ನಾನು. ತುಣುಕು ತೋರಿಸಿದೆ. ವಕೀಲ ಅಲುಗಲಿಲ್ಲ.

"ಅಪ್ಪನ ಜೊತೆ ಜಗಳ ಆಡಿರೋ ಮಗಳು ತಂದಿರೋ ವಿಡಿಯೋ. ಕಲ್ಲು ಕಾಣ್ಸುತ್ತೆ, ನಿಜ. ಬೆಟ್ಟದ ಮೇಲೆ ಕಲ್ಲು ಇರೋದು ಸಹಜ. ಹೂವು ಯಾರು ಯಾವತ್ತು ಇಟ್ರೋ, ಯಾರಿಗೆ ಗೊತ್ತು? ಸ್ಥಳದಲ್ಲಿದ್ದ ಯಾರೂ ಅದನ್ನ ಸಮಾಧಿ ಅಂದಿಲ್ಲ."

ಅಧಿಕಾರಿ ನನ್ನ ಕಡೆ ನೋಡಿದಳು. "ಊಟಕ್ಕೆ ಕರಿಯೋ ದನಿ ಯಾರದು?"

"ನನ್ನದು."

"ಆಗ ನಿಮಗೆ ಆ ಕಲ್ಲುಗಳು ಏನು ಅಂತ ಗೊತ್ತಿತ್ತಾ?"

ಇಷ್ಟು ದಿನ ನಾನು ಅಪ್ಪನ ಮೇಲೆ ಹಲ್ಲು ಕಡಿದದ್ದೇ ಕಡಿದದ್ದು. ಈ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

"ಗೊತ್ತಿತ್ತು. ಏಳು ವರ್ಷದವಳಿದ್ದಾಗಿಂದ ಗೊತ್ತು. ಹನ್ನೊಂದು ಸಮಾಧಿ. ಹೂವು ಯಾರು ಇಡ್ತಾರೆ ಅಂತಾನೂ ಗೊತ್ತಿತ್ತು. ನಮ್ಮಪ್ಪನಿಗೂ ಗೊತ್ತಿತ್ತು. ಅಲ್ಲಿದ್ದ ಎಲ್ರಿಗೂ ಗೊತ್ತಿತ್ತು."

"ಮತ್ತೆ ನೀವು ಯಾಕೆ ಏನೂ ಹೇಳ್ಲಿಲ್ಲ?"

"ಊಟ ಆರಿ ಹೋಗ್ತಿತ್ತು."

ಅವಳು ಅದನ್ನು ಹಾಗೆಯೇ ಬರೆದುಕೊಂಡಳು. ಪೆನ್ನಿನ ಸದ್ದು ಕೇಳಿಸುತ್ತಿತ್ತು. ಅಪ್ಪನ ಸಹಿಯ ಕಾಗದ ಇನ್ನು ನಿಲ್ಲುವುದಿಲ್ಲ, ಅವನನ್ನೂ ಕರೆಸಬೇಕಾಗುತ್ತದೆ ಎಂದಳು. ನಾಲ್ಕು ಸಮಾಧಿ, ಅವುಗಳ ಸುತ್ತ ನೂರು ಅಡಿ. ಇವತ್ತಿನಿಂದಲೇ ಯಂತ್ರ ನಿಲ್ಲಬೇಕು ಎಂದಳು. ಹೋದ ಏಳರ ವಿಷಯಕ್ಕೆ ಬೇರೆ ಅರ್ಜಿ, ಬೇರೆ ಕಚೇರಿ.

ಹೊರಗೆ ಉದ್ದನೆಯ ಓಣಿಯಲ್ಲಿ ಆರ್ಡೆಲಿಯಮ್ಮ ನಿಂತಿದ್ದರು. ನಾನೂ ನಿಂತೆ.

"ನಾನು ಥ್ಯಾಂಕ್ಸ್ ಹೇಳ್ತೀನಿ ಅಂತ ಕಾಯ್ತಾ ನಿಂತಿದೀಯಾ?"

"ಇಲ್ಲ."

"ಒಳ್ಳೇದು."

ಏನಾದರೂ ಕೊಡಬೇಕೆನಿಸಿ, ನನ್ನ ಹತ್ತಿರ ಇದ್ದದ್ದನ್ನೇ ಕೊಟ್ಟೆ. "ಸಿನಿಮಾ ದೊಡ್ಡ ಊರಿನ ಉತ್ಸವಕ್ಕೆ ಆಯ್ಕೆ ಆಗಿದೆ, ಆರ್ಡೆಲಿಯಮ್ಮ. ಸಾವಿರಾರು ಜನ ನಿಮ್ಮೋರನ್ನ ನೋಡ್ತಾರೆ. ಇನ್ಮೇಲೆ ಯಾರೂ ಬರೀ ಕಲ್ಲು ಅನ್ನೋ ಹಂಗಿಲ್ಲ."

"ನೋಡಿ ಏನ್ ಮಾಡ್ತಾರೆ?"

ನಾನು ಲ್ಯಾಪ್‌ಟಾಪಿನ ಚೀಲವನ್ನು ಹೆಗಲಿಗೇರಿಸಿದೆ.

"ನಾನು ಹೇಳ್ತೀನಿ. ನಿನಗೆ ಚಪ್ಪಾಳೆ ಹೊಡೀತಾರೆ. ಎಂಥಾ ಗಟ್ಟಿಗಿತ್ತಿ, ಹೆತ್ತಪ್ಪನ್ನೇ ಬಿಡ್ಲಿಲ್ಲ ನೋಡಿ ಅಂತ. ನನ್ನಜ್ಜ ನಿನ್ನ ಧೈರ್ಯ ನಿಂತ್ಕೊಳ್ಳೋಕೆ ಒಂದು ಮಣೆ ಆಗ್ತಾನೆ. ಎಪ್ಪತ್ತು ನಿಮಿಷದ ಸಿನಿಮಾ. ನಿಮ್ಮೋರ ಹೆಸರು ಓದಿ ಓದಿ ಹತ್ತತ್ತು ಎಣಿಸಿದೀಯ. ನಮ್ಮೋರು ಇರೋದು ನೀನು ಕ್ಯಾಮೆರಾ ಆರಿಸೋಕೆ ಮರ್ತಿದ್ದಕ್ಕೆ. ಅದನ್ನ ತೆಗಿ."

"ನೀವೂನಾ?" ನನಗೆ ನಿಜವಾಗಿ ಸಿಟ್ಟು ಬಂತು. "ಊರೆಲ್ಲ ಬಾಯಿಗೆ ಬಂದಂಗೆ ಅಂದ್ರೂ ನಾನು ತೆಗೀಲಿಲ್ಲ. ನಿಮಗೋಸ್ಕರ ಉಳ್ಸಿದೆ!"

"ಅವ್ರು ಅಡಗ್ಸೋಕೆ ಕೇಳಿದ್ರು. ನಾನು ನಂದು ಅಂತ ಕೇಳ್ತಿದೀನಿ. ಬೇಕಾಗಿದ್ದ ಜಾಗಕ್ಕೆ ಅದು ಇವತ್ತು ತಲುಪ್ತು, ಒಳಗಿನ ಕಡತದಲ್ಲಿದೆ. ಏಳರ ಅರ್ಜಿ ಹಾಕೋವಾಗ್ಲೂ ನಾನೇ ಒಯ್ತೀನಿ. ಅದು ಆಟಕ್ಕಲ್ಲ."

"ಆ ಜಾಗ ಖಾಲಿ ಬಿಡ್ತೀನಿ. ಅಷ್ಟು ಹೊತ್ತು ಬರೀ ಕಪ್ಪು ಪರದೆ, ಸದ್ದಿಲ್ಲ..."

"ಅದಕ್ಕೂ ಚಪ್ಪಾಳೆ ಹೊಡೀತಾರೆ. ಇನ್ನೂ ಜೋರಾಗಿ."

ಓಣಿಯಲ್ಲಿ ಗುಮಾಸ್ತರು ಊಟದ ಡಬ್ಬಿ ಹಿಡಿದು ಹಾದುಹೋಗುತ್ತಿದ್ದರು. ಅವರಿಗೆ ಬಯ್ಯಬೇಕೆನಿಸಿತು, ಆರ್ಡೆಲಿಯಮ್ಮನಿಗೆ ಬಯ್ಯಬೇಕೆನಿಸಿತು. ಬಾಯಿಗೆ ಬಂದ ಒಂದೊಂದು ಮಾತೂ ಜಗುಲಿಯಲ್ಲಿ ಅಪ್ಪ ಆಡಿದ ಮಾತಿನಂತೆಯೇ ಇತ್ತು. ಆ ತುಣುಕಿದ್ದ ಕ್ಯಾಮೆರಾದ ಕಾರ್ಡನ್ನು ಚೀಲದಿಂದ ತೆಗೆದು ಅವರ ಅಂಗೈಯಲ್ಲಿಟ್ಟೆ. ಅವರು ಅದನ್ನು ಕನ್ನಡಕದ ಡಬ್ಬಿಯೊಳಗೆ ಹಾಕಿ ಪಟಕ್ಕೆಂದು ಮುಚ್ಚಿದರು.

"ಕಂಪ್ಯೂಟರಲ್ಲಿರೋದು?"

"ಅಳಿಸ್ತೀನಿ."

"ಈಗ."

ಓಣಿಯ ಬೆಂಚಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ಅವರು ಪಕ್ಕದಲ್ಲಿ ಕೂರದೆ ನಿಂತೇ ನೋಡಿದರು. ಅಳಿಸಿದ ಮೇಲೆ ಸಿನಿಮಾದ ಕತ್ತರಿಸಿದ ಎರಡೂ ತುದಿ ತಾವಾಗಿಯೇ ಬಂದು ಅಂಟಿಕೊಂಡವು. ಬೇಲಿಯ ಹತ್ತಿರ ಹೋಗುತ್ತಿದ್ದ ಅಪ್ಪ ಮರುಕ್ಷಣವೇ ಹಲಗೆಯ ಮುಂದೆ ಕೂತು ಕೋಳಿ ತಿನ್ನುತ್ತಿದ್ದ. ಎದುರಿಗೆ ಸರ್ವೆಯವನು ಕೂತಿದ್ದ. ಎಲ್ಲರೂ ನಗುತ್ತಿದ್ದರು. ಎಲ್ಲಿಯೂ ಒಂದು ಗೀರಿಲ್ಲ. ಊರು ಕೇಳಿದ ಸಿನಿಮಾ ಅದೇ.

ಅದನ್ನೊಮ್ಮೆ ನೋಡಿದೆ. ಆಮೇಲೆ ಅಲ್ಲೇ ಕೂತು ಉತ್ಸವದವರಿಗೆ ಬರೆದೆ: ನಿಮ್ಮ ಹತ್ತಿರ ಇರುವ ಪ್ರತಿಯನ್ನು ನಾಶ ಮಾಡಿ, ಈ ಸಿನಿಮಾವನ್ನು ನಾನು ತೋರಿಸುವುದಿಲ್ಲ.